ಎಸಿ ಸರ್ವಿಸಿಂಗ್‌ಗೆ ಮೊದಲು ಛಜ್ಜಾದ ಅಡಿ ನೋಡಿ

ಶಿವರಾತ್ರಿ ಕಳೆದರೆ ಮುಂಬೈಯಲ್ಲಿ ಎಸಿ ಸರ್ವಿಸಿಂಗ್ ಶುರು. ಪೆಸ್ಟ್ ಕಂಟ್ರೋಲ್ ಮಾಡುವ ನಮಗೆ ಕಣಜದ ಹುಳುಗಳ ಕಾಟ ಹೇಳುವ ಫೋನುಗಳೂ ಆಗಲೇ ಶುರು. ತಿಂಗಳುಗಟ್ಟಲೆ ಯಾರೂ ಮುಟ್ಟದ ಔಟ್‌ಡೋರ್ ಯೂನಿಟ್ಟಿನ ಹಿಂದೆ, ಬಾಕ್ಸ್ ಗ್ರಿಲ್ಲಿನ ಮೂಲೆಯಲ್ಲಿ, ಕಿಟಕಿ ಮೇಲಿನ ಛಜ್ಜಾದ ಅಡಿಯಲ್ಲಿ ಅವು ಆರಾಮಾಗಿ ಗೂಡು ಕಟ್ಟಿರುತ್ತವೆ. ಸರ್ವಿಸಿಂಗ್ ಹುಡುಗ ಕವರ್ ಬಿಚ್ಚಿದ ಕೂಡಲೇ ಮುಖಕ್ಕೇ ಎರಗುತ್ತವೆ. ಅವನು ಆಗ ಎಷ್ಟನೇ ಮಹಡಿಯ ಹೊರಗೆ ಜೋತಾಡುತ್ತಿರುತ್ತಾನೆ, ಯೋಚಿಸಿ. ಕಚ್ಚುವುದಕ್ಕಿಂತ ಬೀಳುವುದರ ಭಯವೇ ನನಗೆ ಜಾಸ್ತಿ.

‘ಸುಮ್ನೆ ಬಿಟ್ಟರೆ ಚಳಿಗೆ ತಾವೇ ಸಾಯುತ್ತವಂತಲ್ಲ’ ಎಂದು ಕೆಲವರು ಕೇಳುತ್ತಾರೆ. ಅದು ಹಿಮ ಬೀಳುವ ದೇಶದ ಮಾತು. ಅಲ್ಲಿ ರಾಣಿ ಮಾತ್ರ ಚಳಿ ಕಳೆದು, ವಸಂತದಲ್ಲಿ ಹೊಸ ಗೂಡು ಶುರುಮಾಡುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ದಕ್ಷಿಣ ಭಾರತದಲ್ಲಿ ಮಾಮೂಲಿಯಾಗಿ ಕಾಣುವ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಬೆಂಗಳೂರಿನ ಐಐಎಸ್‌ಸಿಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅದು ವರ್ಷವಿಡೀ ಗೂಡು ಕಟ್ಟುತ್ತದೆ. ಒಂದು ರಾಣಿ ಹೋದರೆ ಅದೇ ಗೂಡಿನಲ್ಲಿ ಇನ್ನೊಂದು ರಾಣಿಯಾಗುತ್ತದೆ. ಹಾಗಾಗಿ ಸುಮ್ನೆ ಕಾದರೆ ಏನೂ ಪ್ರಯೋಜನವಿಲ್ಲ. ಬಿಸಿಲು ಏರಿದಂತೆ ಅವು ಗೂಡು ತಂಪು ಮಾಡಲು ನೀರು ಹುಡುಕುತ್ತವೆ, ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ, ಕುಂಡದ ತಟ್ಟೆಗೆ ಬರುತ್ತವೆ. ಆಗ ನಿಮ್ಮ ಕಣ್ಣಿಗೆ ಬೀಳುತ್ತವೆ, ಅಷ್ಟೇ.

ಔಷಧಿ ಡಬ್ಬ ಕೈಗೆತ್ತಿಕೊಳ್ಳುವ ಮುಂಚೆ ಯಾವ ಹುಳ ಎಂದು ನೋಡಿ. ಗೋಡೆಗೆ, ಪರದೆಗೆ, ಸ್ವಿಚ್ ಬೋರ್ಡಿನ ಪಕ್ಕಕ್ಕೆ ಮಣ್ಣು ಮೆತ್ತಿದ್ದರೆ ಅದು ಕುಂಬಾರ ಹುಳು. ಸೊಂಟ ದಾರದ ಹಾಗೆ ಸಣ್ಣ. ಒಂಟಿ ಜೀವ, ಕಾಯಲು ಹಿಂಡಿಲ್ಲ. ಗೂಡಿನೊಳಗೆ ಮರಿಗಾಗಿ ಜೇಡವನ್ನೋ ಕಂಬಳಿಹುಳುವನ್ನೋ ಜಡ ಮಾಡಿ ತುಂಬಿಸಿಡುತ್ತದೆ. ಕೈಯಲ್ಲಿ ಹಿಡಿಯದಿದ್ದರೆ ಕಚ್ಚುವುದು ಅಪರೂಪ. ಮನೆಯಲ್ಲಿ ಇದು ಗೂಡು ಕಟ್ಟಿದರೆ ಶುಭ ಎಂದು ನಂಬುವ ಹಿರಿಯರಿದ್ದಾರೆ. ಅವರ ಮಾತು ಮೀರಿ ಔಷಧಿ ಹೊಡೆಯುವ ಅಗತ್ಯ ನನಗಂತೂ ಕಂಡಿಲ್ಲ. ಆದರೆ ಎಸಿಯ ನೀರು ಹೋಗುವ ಪೈಪಿಗೆ ಮಣ್ಣು ತುಂಬಿದರೆ ನೀರು ಕೋಣೆಯೊಳಗೇ ಸೋರುತ್ತದೆ. ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ.

ತೆಳುವಾದ ಒಂದು ಕಡ್ಡಿಯಿಂದ ಜೋತುಬಿದ್ದ, ಬೂದಿ ಬಣ್ಣದ, ಕೆಳಗೆ ಷಟ್ಕೋನದ ಕೋಣೆಗಳು ಬರಿಗಣ್ಣಿಗೆ ಕಾಣುವ ಗೂಡು ಕಾಗದದ ಕಣಜದ್ದು. ಮರದ ನಾರು ಅಗಿದು ಎಂಜಲು ಬೆರೆಸಿ ಕಟ್ಟಿದ್ದು. ಇದೇ ನಮ್ಮ ಕಟ್ಟಡಗಳ ನಿಜವಾದ ಕಿರಿಕಿರಿ. ವಾಚ್‌ಮನ್ ಇದನ್ನು ಮರಾಠಿಯಲ್ಲಿ ‘ಗಾಂಧೀಲ್ ಮಾಶಿ’ ಎನ್ನುತ್ತಾನೆ. ಗೂಡಿನ ಮೇಲೆ ಒಂದೇ ಒಂದು ಹುಳವಿದ್ದು, ಅದು ಕಿಟಕಿಯೊಳಗಿನಿಂದಲೇ ಕೈಗೆಟುಕುವಂತಿದ್ದರೆ ನೀವೇ ತೆಗೆಯಬಹುದು. ಹುಳ ಹಾರಿಹೋದಾಗ ಉದ್ದ ಕೋಲಿನಿಂದ ಗೂಡು ಕೆಡವಿ, ಅಂಟಿದ್ದ ಜಾಗವನ್ನು ಸೋಪಿನ ನೀರಿನಿಂದ ಒರೆಸಿ. ಮರುದಿನ ಮತ್ತೆ ಅಲ್ಲಿಗೇ ಬಂದರೆ ಮತ್ತೆ ಕೆಡವಿ. ಹಿಂಡು ಕೂತಿದ್ದರೆ ಮಾತ್ರ ಕೈಹಾಕಬೇಡಿ. ಒಂದನ್ನು ಹೊಡೆದು ಜಜ್ಜಿದರೆ ಅದರ ವಿಷದ ವಾಸನೆಗೆ ಉಳಿದವೂ ಎದ್ದು ಬರುತ್ತವೆ. ಜೇನಿನ ಹಾಗೆ ಇವುಗಳ ಕೊಂಡಿ ಚರ್ಮದಲ್ಲಿ ಉಳಿಯುವುದಿಲ್ಲ, ಒಂದೇ ಹುಳ ಮತ್ತೆಮತ್ತೆ ಚುಚ್ಚುತ್ತದೆ. ಸೀಮೆಎಣ್ಣೆ ಪಂಜು ಹಿಡಿಯುವವರನ್ನೂ ಕಂಡಿದ್ದೇನೆ. ಗ್ಯಾಸ್ ಪೈಪ್, ಕೇಬಲ್ ಹಾದುಹೋಗುವ ಗೋಡೆಯಲ್ಲಿ ಬೆಂಕಿ ಹಚ್ಚುವುದೇ?

ಗೋವಾದ ಹಂಚಿನ ಮನೆಗಳಲ್ಲಿ, ಪುಣೆಯ ಹಳೇ ಬಂಗಲೆಗಳ ಮರದ ಪೊಟರೆಯಲ್ಲಿ ಇನ್ನೊಂದು ಜಾತಿ ಸಿಗುತ್ತದೆ. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ-ಕಿತ್ತಳೆ ಪಟ್ಟಿ. ಕಾಗದದ ಕಣಜದ ಗೂಡುಗಳನ್ನೇ ಲೂಟಿ ಮಾಡುವ ದೊಡ್ಡ ಕಣಜ ಇದು. ಅದರ ಹತ್ತಿರವೂ ಸುಳಿಯಬೇಡಿ, ತಿಳಿದವರನ್ನು ಕರೆಸಿ. ಎತ್ತರದ ಕಟ್ಟಡದ ಛಜ್ಜಾದಡಿ ತೂಗುವ ಒಂದೇ ದೊಡ್ಡ ತಟ್ಟೆ ಹೆಜ್ಜೇನಿನದು. ಅದಕ್ಕೆ ಔಷಧಿ ಹೊಡೆಸುವ ಹೌಸಿಂಗ್ ಸೊಸೈಟಿ ಕಾರ್ಯದರ್ಶಿಗಳ ಜೊತೆ ನನ್ನ ಜಗಳ ಮುಗಿಯುವುದೇ ಇಲ್ಲ. ಜೇನು ಬಿಡಿಸುವವರನ್ನು ಕರೆಯಿರಿ.

ತಡೆಯುವ ಕೆಲಸ ಮಳೆಗೆ ಮುಂಚೆ ಆಗಬೇಕು. ಜೂನ್ ಬಂದರೆ ಛಜ್ಜಾ ಜಾರುತ್ತದೆ, ಯಾರೂ ಹತ್ತುವುದಿಲ್ಲ. ಗ್ರಿಲ್ಲಿನ ಟೊಳ್ಳು ಪೈಪುಗಳ ಬಾಯಿಗೆ ಎಂ-ಸೀಲ್ ಮೆತ್ತಿ. ಕೇಬಲ್ ತೂತುಗಳಿಗೆ ವೈಟ್ ಸಿಮೆಂಟ್. ವಾರಕ್ಕೊಮ್ಮೆ ಜೇಡರ ಬಲೆ ತೆಗೆಯುವ ಕೋಲನ್ನು ಛಜ್ಜಾದ ಅಡಿಗೂ ಆಡಿಸಿ. ಪದೇಪದೇ ಅಲುಗಾಡುವ ಜಾಗದಲ್ಲಿ ಗೂಡು ನೆಲೆ ನಿಲ್ಲುವುದು ಕಷ್ಟ. ಮೀನಿನ ಕಸ, ಮಾವಿನ ಸಿಪ್ಪೆಯ ಬಕೆಟ್ಟಿಗೆ ಮುಚ್ಚಳ ಇರಲಿ.

ಕಚ್ಚಿದರೆ ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಸುಣ್ಣ ಬೇಡ, ಚರ್ಮ ಸುಡುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದು ತಲೆ ತಿರುಗಿದರೆ ಮನೆಮದ್ದು ನೋಡುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಒಟ್ಟಿಗೆ ಹತ್ತಾರು ಕಡೆ ಕಚ್ಚಿದರೂ ಆಸ್ಪತ್ರೆಗೇ ಹೋಗಿ.

ನಮ್ಮಂಥವರನ್ನು ಕರೆಸುವಾಗ ಲೈಸೆನ್ಸ್ ಕೇಳಿ. 1968ರ ಕೀಟನಾಶಕ ಕಾಯ್ದೆಯಡಿ ಅದು ಇರಲೇಬೇಕು. ಹುಳಗಳೆಲ್ಲ ಗೂಡಿಗೆ ಮರಳಿದ ಮುಸ್ಸಂಜೆಯ ಮೇಲೆ ಬರುತ್ತೇನೆ ಅನ್ನುವವನಿಗೆ ಕೆಲಸ ಗೊತ್ತು. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಹೊಡೆದು ಹೋಗುತ್ತೇನೆ ಅಂದರೆ, ಬೇಡ ಅನ್ನಿ.