ಫೋಟೋ ನೋಡಿ ಬಿಡಿಸಿದ ದಾಸವಾಳ ಸ್ಟಿಕರ್ ಥರ ಯಾಕೆ ಕಾಣುತ್ತದೆ?

ಪ್ರಶ್ನೆ: ಮನೆ ಗಿಡದ ಕೆಂಪು ದಾಸವಾಳದ ಫೋಟೋ ತೆಗೆದು, ಟ್ಯಾಬ್‌ನಲ್ಲಿ ಅದರ ಮೇಲೇ ಗೆರೆ ಎಳೆದು ಬಣ್ಣ ತುಂಬಿದ್ದೇನೆ. ಆಕಾರ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ಆದರೂ ಗೋಡೆಗೆ ಅಂಟಿಸಿದ ಸ್ಟಿಕರ್ ಥರ ಕಾಣುತ್ತದೆ. ಬೇರೆ ಆ್ಯಪ್ ಹಾಕಿಕೊಳ್ಳಬೇಕಾ, ದುಬಾರಿ ಪೆನ್ ಕೊಳ್ಳಬೇಕಾ?

ಎರಡೂ ಬೇಡ. ಐಪ್ಯಾಡ್ ಇದ್ದವರಿಗೆ ಪ್ರೊಕ್ರಿಯೇಟ್ ಇದೆ. ಆಂಡ್ರಾಯ್ಡ್ ಟ್ಯಾಬ್ ಇದ್ದವರಿಗೆ ಐಬಿಸ್ ಪೇಂಟ್ ಇದೆ, ಕ್ರಿಟಾ ಇದೆ. ಕ್ರಿಟಾಗೆ ದುಡ್ಡೂ ಕೊಡಬೇಕಿಲ್ಲ. ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಗಳಂಥ ಪದರಗಳು, ಇರುವ ಯಾವ ಆ್ಯಪ್ ಆದರೂ ಸಾಕು. ತೊಂದರೆ ಶುರುವಾಗಿದ್ದು ಅದಕ್ಕೂ ಮೊದಲು, ಫೋಟೋದಲ್ಲಿ.

ನಾನು ಹೀಗೆ ಬಿಡಿಸಿದ ಮೊದಲ ದಾಸವಾಳ ನೋಡಿ ಅಮ್ಮ, "ಏನೇ ಇದು, ಕುಂಕುಮ ಚೆಲ್ಲಿದ ಹಾಗಿದೆ" ಅಂದಿದ್ದಳು. ಬೇಜಾರಾಯಿತು. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಅಲ್ಲಿ ಇದ್ದಿದ್ದೂ ಚೆಲ್ಲಿದ ಕುಂಕುಮವೇ.

ಫೋಟೋದ ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅನ್ನೋದು ಸಾಮಾನ್ಯವಾಗಿ 0ಯಿಂದ 255ರವರೆಗಿನ ಲೆಕ್ಕದಲ್ಲಿರುತ್ತದೆ. ಬಿಸಿಲಲ್ಲಿರುವ ಕೆಂಪು ದಾಸವಾಳ ಹಿಡಿದರೆ ಕೆಂಪಿನ ಲೆಕ್ಕ ಬೇಗ 255 ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಎಸಳಿನ ನರ, ಸುಕ್ಕು, ಮಡಿಕೆ ಎಲ್ಲ ಒಂದೇ ಕೆಂಪಿನಲ್ಲಿ ಮುಳುಗಿ ಹೋಗುತ್ತವೆ. ಅನುಮಾನ ಇದ್ದರೆ ಆ್ಯಪ್‌ನ ಬಣ್ಣ ಎತ್ತುವ ಸಾಧನದಿಂದ ಒಂದೇ ಎಸಳಿನ ಮೂರು ಕಡೆಯ ಬಣ್ಣ ಎತ್ತಿ ಪಕ್ಕಪಕ್ಕ ಇಡಿ. ಮೂರೂ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಆ ಫೋಟೋ ಬಿಟ್ಟುಬಿಡಿ. ಅದರಲ್ಲಿ ಇಲ್ಲದ್ದನ್ನು ನೀವು ಎಲ್ಲಿಂದ ತರುತ್ತೀರಿ?

ಹೊಸ ಫೋಟೋ ಬೆಳಿಗ್ಗೆ ನೆರಳಿನಲ್ಲಿ ತೆಗೆಯಿರಿ. ಸಾಮಾನ್ಯ ದಾಸವಾಳ ಒಂದೇ ದಿನದ ಹೂವು, ಸಂಜೆಗೆಲ್ಲ ಮುದುರಲು ಶುರುವಾಗುತ್ತದೆ. ಹಾಗಾಗಿ ಫೋಟೋ ಬೇಕೇ ಬೇಕು, ನಿಜ. ಪರದೆಯಲ್ಲಿ ಹೂವಿನ ಮೇಲೆ ಬೆರಳಿಟ್ಟರೆ ತುಂಬಾ ಫೋನ್‌ಗಳಲ್ಲಿ ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆಳೆದು ಬೆಳಕು ಸ್ವಲ್ಪ ಕಡಿಮೆ ಮಾಡಿ. ಮೂಗು ತಾಗುವಷ್ಟು ಹತ್ತಿರ ಹೋಗಬೇಡಿ. ಹಾಗೆ ಹೋದರೆ ಮುಂದಿನ ಎಸಳು ಮೊರದಷ್ಟು, ಹಿಂದಿನದು ಬೆರಳಷ್ಟು ಕಾಣುತ್ತದೆ. ಎರಡಡಿ ಹಿಂದೆ ಸರಿದು 2ಎಕ್ಸ್ ಜೂಮ್ ಹಾಕಿ. ಪಕ್ಕದಿಂದ, ಹಿಂದಿನಿಂದ ಒಂದೊಂದು ತೆಗೆದಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತವೆ.

ಈಗ ಟ್ರೇಸಿಂಗ್, ಅಂದರೆ ಫೋಟೋ ಮೇಲೇ ಗೆರೆ ಎಳೆಯುವ ವಿಷಯ. ಅದು ಕಳ್ಳತನ ಅಂತ ನಾನು ಹೇಳಲ್ಲ. ಆದರೆ ಅಂಚಿನ ಗೆರೆ ಪೂರ್ತಿ ಎಳೆಯಬೇಡಿ. ಫೋಟೋ ಲೇಯರ್‌ನ ಒಪ್ಯಾಸಿಟಿ (ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನೋದು) ಶೇಕಡ 30ಕ್ಕೆ ಇಳಿಸಿ, ಮೇಲೊಂದು ಖಾಲಿ ಲೇಯರ್ ಇಟ್ಟು, ಹೂವಿನ ನಡು ಎಲ್ಲಿ, ಐದು ಎಸಳಿನ ತುದಿ ಎಲ್ಲಿ, ತೊಟ್ಟು ಯಾವ ಕಡೆ ವಾಲಿದೆ, ಇಷ್ಟನ್ನೇ ಗುರುತು ಹಾಕಿಕೊಳ್ಳಿ. ಆಮೇಲೆ ಆ ಫೋಟೋ ಲೇಯರ್ ಮುಚ್ಚಿ. ಫೋಟೋ ಪಕ್ಕದಲ್ಲಿರಲಿ, ಕೆಳಗೆ ಬೇಡ.

ಯಾಕೆಂದರೆ ದಾಸವಾಳದ ಗುಟ್ಟು ಅಂಚಿನಲ್ಲಿಲ್ಲ, ಎಸಳುಗಳು ಒಂದರ ಮೇಲೊಂದು ಕೂತಿರುವ ರೀತಿಯಲ್ಲಿದೆ. ಗಿಡದ ಹತ್ತಿರ ಹೋಗಿ ನೋಡಿ. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲಿರುತ್ತದೆ, ಇನ್ನೊಂದು ಅಂಚು ಆ ಕಡೆಯದರ ಅಡಿಗೆ ಸೇರಿರುತ್ತದೆ. ಐದೂ ಹಾಗೇ, ಮಕ್ಕಳ ಗಿರಗಿಟ್ಲೆಯ ಥರ ಸುತ್ತು ಬರುತ್ತವೆ. ಐದೆಸಳನ್ನೂ ಬಿಡಿಬಿಡಿಯಾಗಿ ತುಂಬಿದರೆ ಈ ಸುತ್ತು ಸತ್ತುಹೋಗುತ್ತದೆ. ಒಂದೊಂದು ಎಸಳಿಗೂ ಒಂದೊಂದು ಲೇಯರ್ ಕೊಡಿ. ಐದನೆಯದು ಮಾತ್ರ ಕಾಟ ಕೊಡುತ್ತದೆ: ಅದು ನಾಲ್ಕನೆಯದರ ಮೇಲೆ ಬರಬೇಕು, ಒಂದನೆಯದರ ಅಡಿಗೂ ಹೋಗಬೇಕು. ಅದನ್ನು ಎಲ್ಲಕ್ಕಿಂತ ಮೇಲಿಟ್ಟು, ಒಂದನೆಯದರ ಮೇಲೆ ಬಂದ ತುಣುಕನ್ನು ಅಳಿಸಿಬಿಡಿ. ಆ ಸಂದಿಯಲ್ಲಿ ತೆಳ್ಳಗೆ ನೆರಳು ಬಿದ್ದರೆ ಸಾಕು, ಹೂವು ಹಾಳೆಯಿಂದ ಎದ್ದು ಬರುತ್ತದೆ.

ನೆರಳಿಗೆ ಕಪ್ಪು ಬೆರೆಸಬೇಡಿ, ಕೆಂಪು ಕೆಸರಾಗುತ್ತದೆ. ನೇರಳೆ ಕಡೆಗೆ ವಾಲಿದ ಗಾಢ ಕೆಂಪು ತಗೊಳ್ಳಿ. ಎಸಳಿನ ಹಿಂದಿನಿಂದ ಬೆಳಕು ತೂರಿ ಬರುವ ಕಡೆ ಕಿತ್ತಳೆಗೆ ಹತ್ತಿರದ ಕೆಂಪು. ಬ್ರಷ್ ಯಾವಾಗಲೂ ಬುಡದಿಂದ ತುದಿಗೆ, ನರ ಹರಡಿದ ದಿಕ್ಕಿನಲ್ಲೇ ಓಡಲಿ. ಅಡ್ಡಕ್ಕೆ ಎಳೆದರೆ ಎಸಳು ಅಲ್ಲ, ಸ್ಯಾಟಿನ್ ಬಟ್ಟೆ ಆಗುತ್ತದೆ. ನಡುವಿನ ಕೇಸರದ ಕೋಲನ್ನು ಕೊನೆಗೆ ಬಿಡಿಸಿ. ಅದರ ಹಳದಿ ಚುಕ್ಕೆಗಳನ್ನು ಎಣಿಸಿ ಇಡುವ ಅಗತ್ಯವಿಲ್ಲ, ಸುಮ್ನೆ ಉದುರಿಸಿ. ತುದಿಯ ಐದು ಕೆಂಪು ಗುಂಡುಗಳನ್ನು ಮಾತ್ರ ಮರೆಯಬೇಡಿ. ಆ ಕೋಲಿನ ನೆರಳು ಎಸಳಿನ ಮೇಲೆ ಬೀಳುತ್ತದಲ್ವಾ, ಅದನ್ನೂ.

ಬ್ರಿಟನ್ನಿನ ಚಿತ್ರಕಾರ ಡೇವಿಡ್ ಹಾಕ್ನಿ ಶುರುವಿನಲ್ಲಿ ಐಫೋನ್ ಮೇಲೆ ಹೆಬ್ಬೆರಳಿನಲ್ಲೇ ಹೂವು ಬಿಡಿಸಿ ಗೆಳೆಯರಿಗೆ ಕಳಿಸುತ್ತಿದ್ದರು. 2010ರಲ್ಲಿ ಪ್ಯಾರಿಸ್‌ನಲ್ಲಿ ಅವರ ಐಫೋನ್, ಐಪ್ಯಾಡ್ ಹೂವುಗಳ ಪ್ರದರ್ಶನವೇ ನಡೆಯಿತು. ಪೆನ್ ಚಿಂತೆ ಇರುವವರಿಗೆ ಅಂತ ಹೇಳಿದೆ ಅಷ್ಟೆ.

ಇನ್ನೊಂದು ಮಾತು. ಪ್ರಿಂಟ್ ಹಾಕಿಸುವ ಯೋಚನೆ ಇದ್ದರೆ ಶುರುವಿನಲ್ಲೇ ಎ4 ಅಳತೆ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ), ಅಂದರೆ 2480 x 3508 ಪಿಕ್ಸೆಲ್ ಇಟ್ಟುಕೊಳ್ಳಿ. ಪರದೆಯಲ್ಲಿ ಉರಿಯುವ ಕೆಂಪು ಕಾಗದದ ಮೇಲೆ ಸ್ವಲ್ಪ ಮಂಕಾಗಿಯೇ ಬರುತ್ತದೆ. ಕಟ್ಟು ಹಾಕಿಸುವ ಮುಂಚೆ ಸಣ್ಣ ಸೈಜಿನಲ್ಲಿ ಒಂದು ಪ್ರತಿ ತೆಗೆಸಿ ನೋಡಿ.