ಪದ ಪರಿಚಯ: ಮಕ್ಕಳ ನರ್ಸ್ ಪ್ರಾಕ್ಟಿಷನರ್

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಹೋಗುವ ತಾಯಂದಿರಲ್ಲಿ ಹಲವರು ಈ ಪದವನ್ನು ಮೊದಲು ಕೇಳುವುದು ಮೊಮ್ಮಗುವಿನ ತಪಾಸಣೆಯ ದಿನ. ಕೂಸಿನ ತೂಕ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಔಷಧಿ ಬರೆದುಕೊಟ್ಟವರು ಡಾಕ್ಟರಲ್ಲ, ನರ್ಸ್ ಎಂದು ತಿಳಿದಾಗ ಅವರಿಗೆ ಆತಂಕವಾಗುವುದು ಸಹಜ. ಆದರೆ ಮಕ್ಕಳ ನರ್ಸ್ ಪ್ರಾಕ್ಟಿಷನರ್ ಎಂದರೆ ಡಾಕ್ಟರು ಸಿಗದಾಗ ಅವರ ಜಾಗದಲ್ಲಿ ಕೂರುವವರಲ್ಲ. ನರ್ಸಿಂಗ್ ಪದವಿ ಮತ್ತು ನೋಂದಣಿಯ ಮೇಲೆ ಮಕ್ಕಳ ಆರೋಗ್ಯದಲ್ಲಿ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಮಟ್ಟದ ಶಿಕ್ಷಣ ಪಡೆದು, ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮಗುವನ್ನು ಪರೀಕ್ಷಿಸುವ, ರೋಗ ಗುರುತಿಸುವ ಮತ್ತು ಚಿಕಿತ್ಸೆ ಆರಂಭಿಸುವ ಅಧಿಕಾರವನ್ನು ಕಾನೂನಿನಿಂದಲೇ ಪಡೆದವರು ಅವರು.

ಈ ಹುದ್ದೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ. ಸಾರ್ವಜನಿಕ ಆರೋಗ್ಯ ಕ್ಷೇತ್ರದ ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಇಬ್ಬರೂ ಸೇರಿ, ವೈದ್ಯರು ಸುಲಭವಾಗಿ ಸಿಗದ ಊರುಗಳ ಮಕ್ಕಳಿಗಾಗಿ ನರ್ಸ್‌ಗಳಿಗೆ ಹೆಚ್ಚಿನ ತರಬೇತಿ ಕೊಡುವ ಕಾರ್ಯಕ್ರಮ ಆರಂಭಿಸಿದರು. ಇಂದು ಬೇರೆ ಬೇರೆ ವಿಭಾಗಗಳಲ್ಲಿ ಹರಡಿಕೊಂಡಿರುವ ನರ್ಸ್ ಪ್ರಾಕ್ಟಿಷನರ್ ವೃತ್ತಿಗೆ ಮೊದಲ ಬುನಾದಿ ಬಿದ್ದದ್ದು ಮಕ್ಕಳ ಆರೈಕೆಯಲ್ಲೇ ಎಂಬುದನ್ನು ವಿಶೇಷವಾಗಿ ಹೇಳಬೇಕು.

ಅವರ ಕೆಲಸದ ಬಹುಪಾಲು ಆರೋಗ್ಯವಾಗಿರುವ ಮಕ್ಕಳೊಂದಿಗೇ ನಡೆಯುತ್ತದೆ: ಬೆಳವಣಿಗೆಯ ನಕ್ಷೆಯಲ್ಲಿ ತೂಕ ಗುರುತಿಸುವುದು, ಲಸಿಕೆ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಕತ್ತು ನಿಲ್ಲುವುದು ಮತ್ತು ಮಾತು ಬರುವುದು ಕಾಲಕ್ಕೆ ಸರಿಯಾಗಿ ಆಗುತ್ತಿದೆಯೇ ಎಂದು ನೋಡುವುದು. ಕಾಯಿಲೆ ಬಂದಾಗ ಅವರ ತರಬೇತಿಯ ಬೆಲೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತದೆ. ಕೆಮ್ಮುತ್ತಿರುವ ಎಂಟು ತಿಂಗಳ ಮಗುವೊಂದು ಬಂದಿದೆ ಎಂದುಕೊಳ್ಳೋಣ. ಅಳುವ ಮಗುವಿನ ಉಸಿರಿನ ಎಣಿಕೆಯನ್ನು ನಂಬುವಂತಿಲ್ಲವಾದ್ದರಿಂದ, ಅದನ್ನು ತಾಯಿಯ ಮಡಿಲಲ್ಲೇ ಸಮಾಧಾನವಾಗಿರಲು ಬಿಟ್ಟು, ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಇಡೀ ಒಂದು ನಿಮಿಷ ಉಸಿರು ಎಣಿಸಬೇಕು. ಎರಡರಿಂದ ಹನ್ನೆರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಅದರಿಂದಾಚೆ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಉಸಿರು ಬಂದರೆ ನ್ಯುಮೋನಿಯಾ ಇರಬಹುದೆಂದು ಶಂಕಿಸಬೇಕಾಗುತ್ತದೆ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದರಂತೂ ತಡಮಾಡುವಂತಿಲ್ಲ. ಈ ಒಂದು ನಿಮಿಷದ ತಾಳ್ಮೆಗೆ ಯಾವ ಯಂತ್ರವೂ ಬೇಕಾಗಿಲ್ಲ, ಆದರೆ ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಅದಕ್ಕೇ ಬಿಡುವು ಸಿಗುವುದಿಲ್ಲ.

ಔಷಧಿಯ ವಿಷಯವೂ ಹಾಗೆಯೇ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಪ್ರಮಾಣವನ್ನು ಮಗುವಿನ ತೂಕದಿಂದ ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧಿ ಇದ್ದರೆ, ಒಂದು ಬಗೆಯ ಸಿರಪ್‌ನಲ್ಲಿ ಐದು ಮಿಲಿಲೀಟರಿಗೆ 120 ಮಿಲಿಗ್ರಾಂ ಇರುತ್ತದೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟಿಗೂ ಹೆಚ್ಚು ಔಷಧಿ ಹೋಗುತ್ತದೆ. ಆದ್ದರಿಂದ ಚೀಟಿ ಬರೆದುಕೊಟ್ಟರಷ್ಟೇ ಸಾಲದು. ಮನೆಯಲ್ಲಿರುವ ಬಾಟಲಿ ಯಾವುದೆಂದು ಕೇಳಿ, ಎಷ್ಟು ಕೊಡಬೇಕೆಂದು ತಾಯಿಯ ಬಾಯಲ್ಲೇ ಒಮ್ಮೆ ಹೇಳಿಸುವುದೂ ಚಿಕಿತ್ಸೆಯ ಭಾಗ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಅತ್ಯಂತ ಮುಖ್ಯವಾದ ಭಾಗ.

ಇವರಲ್ಲಿ ದಿನನಿತ್ಯದ ಪ್ರಾಥಮಿಕ ಆರೈಕೆ ನೋಡುವವರು ಒಂದು ಬಗೆಯಾದರೆ, ಆಸ್ಪತ್ರೆಯಲ್ಲಿ ತೀವ್ರ ಅಸ್ವಸ್ಥ ಮಕ್ಕಳನ್ನು ನೋಡುವವರು ಇನ್ನೊಂದು ಬಗೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅವರು ಸ್ವತಂತ್ರವಾಗಿ ವೃತ್ತಿ ನಡೆಸಬಹುದು, ಇನ್ನು ಕೆಲವು ರಾಜ್ಯಗಳಲ್ಲಿ ವೈದ್ಯರೊಂದಿಗೆ ಒಪ್ಪಂದ ಇರಲೇಬೇಕು. ಎಲ್ಲಿದ್ದರೂ ತಮ್ಮ ವ್ಯಾಪ್ತಿ ಮೀರಿದ ಕಾಯಿಲೆಯನ್ನು ಗುರುತಿಸಿ, ಸಕಾಲದಲ್ಲಿ ತಜ್ಞರ ಕೈಗೆ ಒಪ್ಪಿಸುವುದು ಅವರ ಹೊಣೆ.

ನಮ್ಮಲ್ಲಿ ಇದೇ ಹೆಸರಿನ ವ್ಯವಸ್ಥೆಯನ್ನು ಹುಡುಕಿದರೆ ನಿರಾಸೆಯಾಗುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ವಿಭಾಗಕ್ಕಾಗಿ ಎರಡು ವರ್ಷಗಳ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿದೆ. ಹೆರಿಗೆ ಸೇವೆಗೂ ಅಂಥ ತರಬೇತಿ ಬಂದಿದೆ. ಮಕ್ಕಳ ವಿಭಾಗದಲ್ಲಿ ಇರುವುದು ಮಕ್ಕಳ ಶುಶ್ರೂಷೆಯ ಎಂ.ಎಸ್ಸಿ. ನರ್ಸಿಂಗ್ ಪದವಿ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಇದನ್ನು ಓದಬಹುದು. ಆದರೆ ಇದೊಂದರಿಂದಲೇ ಔಷಧಿ ಬರೆಯುವ ಅಧಿಕಾರ ಬರುವುದಿಲ್ಲ. ವಾಣಿವಿಲಾಸ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದಲೂ ಮಕ್ಕಳನ್ನು ಕರೆತರುತ್ತಾರೆ. ನಾವು ‘ಸಿಸ್ಟರ್’ ಎಂದು ಕರೆಯುವ ಅನುಭವಿ ನರ್ಸ್‌ಗಳಿಗೆ ಇನ್ನಷ್ಟು ಶಿಕ್ಷಣವನ್ನೂ ಅದಕ್ಕೆ ತಕ್ಕ ಕಾನೂನಿನ ಅಧಿಕಾರವನ್ನೂ ಒಟ್ಟಿಗೇ ಕೊಟ್ಟರೆ, ಇವರಲ್ಲಿ ಎಷ್ಟೋ ಮಕ್ಕಳನ್ನು ಅವರವರ ಊರಿನ ಹತ್ತಿರವೇ ನೋಡಿಕೊಳ್ಳಬಹುದು. ಅಧಿಕಾರ ಕೊಡದೆ ಹೊಣೆಯನ್ನಷ್ಟೇ ಹೆಚ್ಚಿಸುವುದು ನರ್ಸ್‌ಗಳಿಗೂ ಮಕ್ಕಳಿಗೂ ಅನ್ಯಾಯ.