10 ಪ್ಯಾಕೆಟ್ ತೂಗಿದೆ, 2 ಗ್ರಾಂ ಕಡಿಮೆ ಬಂತು: ಮೆಕ್ಯಾನಿಕ್‌ನನ್ನು ಕರೆಸಬೇಕಾ?

ಪ್ರಶ್ನೆ: ನಮ್ಮದು ಚಿಕ್ಕ ರಾಗಿ ಹಿಟ್ಟಿನ ಘಟಕ. ಅರ್ಧ ಕೆಜಿ ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ದಿನಕ್ಕೆ ಸುಮಾರು 2000 ಪ್ಯಾಕೆಟ್. ಮೊನ್ನೆ 10 ಪ್ಯಾಕೆಟ್ ತೂಗಿ ನೋಡಿದೆ, ಸರಾಸರಿ 498 ಗ್ರಾಂ ಬಂತು. ತುಂಬುವ ಮೆಷಿನ್ ಕೆಟ್ಟಿದೆಯಾ, ಅಥವಾ ಆ 10 ಪ್ಯಾಕೆಟ್ ಸುಮ್ನೆ ಹಾಗೆ ಬಂದವಾ? ಎಂಬಿಎ ಓದುತ್ತಿರುವ ಮಗಳು ‘ಒನ್ ಸ್ಯಾಂಪಲ್ ಟಿ ಟೆಸ್ಟ್ ಮಾಡಿ ಅಪ್ಪ’ ಎನ್ನುತ್ತಾಳೆ. ಅದನ್ನು ನಂಬಿ ದುಡ್ಡು ಖರ್ಚು ಮಾಡಬಹುದಾ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಅರ್ಧ ಗಂಟೆಯಲ್ಲಿ ಊಟ ತಲುಪಿಸುತ್ತೇವೆ ಎಂದು ಹೇಳಿಕೊಂಡ ಹೋಟೆಲಿನವರು ಕೇಳುತ್ತಾರೆ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಮಾತು ನಂಬಿ ಗಾಡಿ ಕೊಂಡವರು ಕೇಳುತ್ತಾರೆ. ಹೇಳಿಕೊಂಡ ಒಂದು ಸಂಖ್ಯೆ ಇದೆ, ಕೈಯಲ್ಲಿ ಒಂದಿಷ್ಟು ಅಳತೆಗಳಿವೆ, ಎರಡಕ್ಕೂ ತಾಳೆಯಾಗುತ್ತಿಲ್ಲ. ಈಗ ಏನು ಮಾಡುವುದು?

ಮೊದಲು ಒಂದು ಮಾತು. ಖಾಲಿ ಕವರ್‌ನ ತೂಕ ಕಳೆದಿದ್ದೀರಾ? ಕಳೆಯದಿದ್ದರೆ ನಿಜವಾದ ಕೊರತೆ 2 ಗ್ರಾಂಗಿಂತ ಜಾಸ್ತಿ ಇದೆ. ನಿಮ್ಮ ತೂಕದ ಮೆಷಿನ್ 5 ಗ್ರಾಂ, 5 ಗ್ರಾಂ ಲೆಕ್ಕದಲ್ಲಿ ಏರುವಂಥದ್ದಾದರೆ ಈ ಲೆಕ್ಕವನ್ನೇ ಮಾಡಬೇಡಿ, 1 ಗ್ರಾಂ ತೋರಿಸುವ ತಕ್ಕಡಿ ಬೇಕು. ಟೆಸ್ಟ್ ಎಷ್ಟೇ ಒಳ್ಳೆಯದಿರಲಿ, ತಪ್ಪು ತೂಗಿದ್ದನ್ನು ಅದು ಸರಿ ಮಾಡುವುದಿಲ್ಲ.

ಅದೆಲ್ಲ ಸರಿ ಇದೆ ಎಂದುಕೊಳ್ಳೋಣ. ನಿಮ್ಮ 10 ತೂಕಗಳು ಹೀಗಿದ್ದವು ಎಂದುಕೊಳ್ಳೋಣ: 497, 502, 494, 499, 503, 496, 498, 493, 501, 497. ಒಟ್ಟು 4980, ಸರಾಸರಿ 498.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅದು ನಿಜ, ಯಾಕೆಂದರೆ ಪಾತ್ರೆಯಲ್ಲಿರುವ ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಹೆಚ್ಚುಕಡಿಮೆ ಒಂದೇ ಹದಕ್ಕೆ ಬೇಯುತ್ತವೆ. ಪ್ಯಾಕೆಟ್‌ಗಳು ಹಾಗಲ್ಲ. ಮೇಲಿನ ಸಾಲನ್ನೇ ನೋಡಿ. ಒಂದು 493, ಇನ್ನೊಂದು 503. ನೀವು ಒಂದೇ ಪ್ಯಾಕೆಟ್ ತೂಗಿದ್ದರೆ, ಅದು ಆ 503 ಆಗಿದ್ದರೆ, ಮೆಷಿನ್ ಜಾಸ್ತಿ ಸುರಿಯುತ್ತಿದೆ ಎಂದು ಕೊರಗುತ್ತಿದ್ದಿರಿ. ಹೀಗಾಗಿ ಎಷ್ಟು ಕಡಿಮೆ ಬಂತು ಎಂದು ಮಾತ್ರ ಕೇಳಿದರೆ ಸಾಲದು. ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಇರುವ ಏರುಪೇರಿನ ಎದುರು ಈ 2 ಗ್ರಾಂ ದೊಡ್ಡದೋ ಚಿಕ್ಕದೋ ಎಂದು ಕೇಳಬೇಕು. ಟಿ ಟೆಸ್ಟ್ ಎಂದರೆ ಇಷ್ಟೇ.

ಲೆಕ್ಕ ಮಾಡೋಣ, ಕಾಗದದ ಮೇಲೆಯೇ ಆಗುತ್ತದೆ. ಪ್ರತಿ ತೂಕದಿಂದ 498 ಕಳೆಯಿರಿ. −1, 4, −4, 1, 5, −2, 0, −5, 3, −1 ಬರುತ್ತದೆ. ಒಂದೊಂದನ್ನೂ ವರ್ಗ ಮಾಡಿ ಕೂಡಿದರೆ 98. ಅದನ್ನು 10ರಿಂದ ಅಲ್ಲ, ಒಂದು ಕಡಿಮೆ ಮಾಡಿ 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ 3.3 ಗ್ರಾಂ. ಇದು ಒಂದೊಂದು ಪ್ಯಾಕೆಟ್‌ನ ಏರುಪೇರು, ಸ್ಟ್ಯಾಂಡರ್ಡ್ ಡೀವಿಯೇಷನ್. 10 ಪ್ಯಾಕೆಟ್‌ಗಳ ಸರಾಸರಿ ಇಷ್ಟೊಂದು ಓಲಾಡುವುದಿಲ್ಲ. 3.3ನ್ನು 10ರ ವರ್ಗಮೂಲದಿಂದ ಭಾಗಿಸಿ, 1.04 ಬರುತ್ತದೆ. ಈಗ ಕೊರತೆ 2 ಗ್ರಾಂ, ಸರಾಸರಿಯ ಓಲಾಟ 1.04 ಗ್ರಾಂ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.92. ಇದೇ ನಿಮ್ಮ ಮಗಳು ಹೇಳಿದ ‘ಟಿ’.

1.92 ಜಾಸ್ತಿಯಾ? ಇಲ್ಲಿ ಬಹಳ ಜನ ಎಡವುತ್ತಾರೆ. 10 ಪ್ಯಾಕೆಟ್‌ಗೆ ಟಿ ಕೋಷ್ಟಕದಲ್ಲಿ, ‘ಟಿ’ ಇದನ್ನು ದಾಟಿದರೆ ಸುಮ್ನೆ ಹಾಗೆ ಬಂದದ್ದಲ್ಲ ಎನ್ನಬಹುದಾದ ಎರಡು ಗೆರೆಗಳು ಸಿಗುತ್ತವೆ. ‘500ಕ್ಕಿಂತ ಕಡಿಮೆ ಇದೆಯಾ’ ಎಂದಷ್ಟೇ ಕೇಳಿದರೆ ಗೆರೆ 1.83. ‘500 ಅಲ್ಲದೆ ಬೇರೆ ಇದೆಯಾ, ಹೆಚ್ಚಾದರೂ ಸರಿ ಕಡಿಮೆಯಾದರೂ ಸರಿ’ ಎಂದು ಕೇಳಿದರೆ ಗೆರೆ 2.26. ನಿಮ್ಮ 1.92 ಸರಿಯಾಗಿ ನಡುವೆ ನಿಂತಿದೆ. ಮೊದಲ ಪ್ರಶ್ನೆಗೆ ‘ಕೊರತೆ ನಿಜ’ ಎಂಬ ಉತ್ತರ, ಎರಡನೆಯದಕ್ಕೆ ‘ಹೇಳಲಾಗದು’ ಎಂಬ ಉತ್ತರ. ಅದೇ 10 ಪ್ಯಾಕೆಟ್, ಅದೇ ಹಿಟ್ಟು!

ಇದರಲ್ಲಿ ಮೋಸವಿಲ್ಲ. ಆದರೆ ತೂಗಿದ ಮೇಲೆ ನಮಗೆ ಬೇಕಾದ ಗೆರೆಯನ್ನು ಆರಿಸಿಕೊಂಡರೆ ಅದು ಮೋಸವೇ. ಮೆಕ್ಯಾನಿಕ್‌ಗೆ ದುಡ್ಡು ಕೊಡಲು ಮನಸ್ಸಿಲ್ಲದವರಿಗೆ 2.26 ಚೆನ್ನಾಗಿ ಕಾಣುತ್ತದೆ. ಹೊಸ ಮೆಷಿನ್ ತರಬೇಕೆಂದು ಆಗಲೇ ಆಸೆಪಟ್ಟವರಿಗೆ 1.83 ಇಷ್ಟವಾಗುತ್ತದೆ. ಯಾವ ಪ್ರಶ್ನೆ ಕೇಳುತ್ತೇನೆ, ಎಲ್ಲಿ ಗೆರೆ ಎಳೆಯುತ್ತೇನೆ ಎಂಬುದು ಮೊದಲ ಪ್ಯಾಕೆಟ್ ತಕ್ಕಡಿಗೆ ಏರುವ ಮೊದಲೇ ತೀರ್ಮಾನವಾಗಿರಬೇಕು. ಈ ಉತ್ತರದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಅದು ಇದೇ ಆಗಿರಲಿ.

ಈ ಟೆಸ್ಟ್ ಹುಟ್ಟಿದ್ದೂ ನಿಮ್ಮಂಥವರ ಕಷ್ಟದಿಂದಲೇ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ವಿಲಿಯಂ ಗಾಸೆಟ್ ಎಂಬ ಯುವಕ ಕೆಲಸಕ್ಕೆ ಸೇರಿದರು. ಬಾರ್ಲಿ, ಮಾಲ್ಟ್, ಹಾಪ್ಸ್ ಪರೀಕ್ಷೆ ಮಾಡುವುದು ದುಬಾರಿ ಕೆಲಸ. ನಾಲ್ಕೋ ಐದೋ ಸ್ಯಾಂಪಲ್ ಸಿಗುತ್ತಿತ್ತು, ಅಷ್ಟರಲ್ಲೇ ತೀರ್ಮಾನ ಮಾಡಬೇಕು. ಆಗ ಇದ್ದ ಲೆಕ್ಕಗಳೆಲ್ಲ ದೊಡ್ಡ ಸ್ಯಾಂಪಲ್‌ಗೆ ಮಾಡಿದವು. ಗಾಸೆಟ್ 1906ರಲ್ಲಿ ಲಂಡನ್‌ಗೆ ಹೋಗಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್ ಬಳಿ ಕೂತು ಈ ಚಿಕ್ಕ ಸ್ಯಾಂಪಲ್ ಸಮಸ್ಯೆಯನ್ನೇ ಬಿಡಿಸಿದರು. ತಮ್ಮ ಲೆಕ್ಕ ಸರಿ ಇದೆಯಾ ಎಂದು ನೋಡಲು ಅವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. 3000 ಕೈದಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದವನ್ನು ಒಂದೊಂದು ಕಾರ್ಡಿನ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ, ಪ್ರತಿ ಗುಂಪಿಗೂ ಲೆಕ್ಕ ಹಾಕಿದರು. ಆಗ ಕಂಪ್ಯೂಟರ್ ಇರಲಿಲ್ಲ, ನೆನಪಿರಲಿ. 1908ರಲ್ಲಿ ಅದು ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿ ಬಿಡುತ್ತಿರಲಿಲ್ಲ, ಹಾಗಾಗಿ ‘ಸ್ಟೂಡೆಂಟ್’ ಎಂದು ಹೆಸರು ಹಾಕಿದರು. ಪಠ್ಯಪುಸ್ತಕದಲ್ಲಿ ‘ಸ್ಟೂಡೆಂಟ್ಸ್ ಟಿ’ ಎಂದು ಬರುತ್ತದಲ್ಲ, ಅದು ಈ ಬಿಯರ್ ಕಾರ್ಖಾನೆಯ ನೌಕರ. ಎಷ್ಟು ಸ್ಯಾಂಪಲ್ ಬೇಕು ಎಂಬುದನ್ನು ಅವರು ಯಾವಾಗಲೂ ಎಷ್ಟು ದುಡ್ಡು ಹೋಗುತ್ತದೆ ಎಂಬುದರ ಜೊತೆಗೇ ಕೇಳುತ್ತಿದ್ದರು.

ಆ 1.83, 2.26 ಎಲ್ಲಿಂದ ಬಂದವು? ‘20ಕ್ಕೆ 1’ ಎಂಬ ಲೆಕ್ಕದಿಂದ. ಅಂದರೆ ಮೆಷಿನ್ ಸರಿ ಇದ್ದರೂ 20 ಸಲಕ್ಕೆ ಒಂದು ಸಲ ಸುಳ್ಳು ಗಾಬರಿಯಾಗುತ್ತದೆ, ಅಷ್ಟನ್ನು ಸಹಿಸಿಕೊಳ್ಳೋಣ ಎಂದು. 1925ರ ತಮ್ಮ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದನ್ನು ಅನುಕೂಲಕರ ಗೆರೆ ಎಂದು ಸೂಚಿಸಿದರು, ಆಮೇಲೆ ಅದು ರೂಢಿಯಾಯಿತು. ರಾಗಿ ಹಿಟ್ಟಿನ ವ್ಯಾಪಾರಕ್ಕೆ ಅದು ಸರಿಹೊಂದಲೇಬೇಕು ಎಂದೇನಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕಂಪ್ಯೂಟರ್‌ಗೆ ಕೊಟ್ಟರೆ ನಿಮ್ಮ ತೂಕಗಳಿಗೆ, ಕಡಿಮೆ ಇದೆಯಾ ಎಂಬ ಪ್ರಶ್ನೆಗೆ, ‘ಪಿ ವ್ಯಾಲ್ಯೂ 0.044’ ಎಂದು ತೋರಿಸುತ್ತದೆ. ಇದನ್ನು ನೋಡಿ ‘ಮೆಷಿನ್ ಸರಿ ಇರುವ ಸಾಧ್ಯತೆ ನೂರಕ್ಕೆ 4’ ಎನ್ನುವವರೇ ಜಾಸ್ತಿ. ಅದು ಹಾಗಲ್ಲ. ಮೆಷಿನ್ ಸರಿಯಾಗಿ 500ಕ್ಕೇ ತುಂಬುತ್ತಿದೆ ಎಂದುಕೊಂಡರೆ, ಈ ರೀತಿಯ ಅಥವಾ ಇದಕ್ಕಿಂತ ಕೆಟ್ಟ ಸ್ಯಾಂಪಲ್ ಕೈಗೆ ಬರುವುದು 100 ಸಲಕ್ಕೆ ಸುಮಾರು 4 ಸಲ. ಪಿ ಹೇಳುವುದು ಅಷ್ಟೇ. ಮೆಷಿನ್ ಕೆಟ್ಟಿದೆಯೋ ಇಲ್ಲವೋ ಎಂಬ ಅಂದಾಜಿಗೆ ಅದು ಎಷ್ಟು ಹಳೆಯದು, ಹೋದ ತಿಂಗಳು ಹೇಗಿತ್ತು ಎಂಬ ನಿಮ್ಮ ಅನುಭವವೂ ಬೇಕು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಿಮ್ಮಿಂದ ಎರಡು ತಪ್ಪು ಆಗಬಹುದು. ಮೆಷಿನ್ ಸರಿ ಇದ್ದು ಮೆಕ್ಯಾನಿಕ್‌ನನ್ನು ಕರೆಸಿದರೆ ಅವರ ಕೂಲಿ ಮತ್ತು ಅರ್ಧ ದಿನದ ಕೆಲಸ ಹೋಯಿತು. ಮೆಷಿನ್ ಕೆಟ್ಟಿದ್ದು ಸುಮ್ಮನಿದ್ದರೆ? ಇದು ದೊಡ್ಡದು. ಪ್ಯಾಕೆಟ್ ಮಾಡಿದ ಸಾಮಾನುಗಳಿಗೆ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳಿವೆ. ಅದರ ಪ್ರಕಾರ 500 ಗ್ರಾಂ ಪ್ಯಾಕೆಟ್ ಒಂದರಲ್ಲಿ ಶೇಕಡಾ 3ರಷ್ಟು, ಅಂದರೆ 15 ಗ್ರಾಂ ವ್ಯತ್ಯಾಸಕ್ಕೆ ಅವಕಾಶವಿದೆ. ನಿಮ್ಮ 493 ಅದರೊಳಗೇ ಇದೆ. ಆದರೆ ತಪಾಸಣೆಗೆ ತೆಗೆದ ಪ್ಯಾಕೆಟ್‌ಗಳ ಸರಾಸರಿ, ಮೇಲೆ ಬರೆದ ತೂಕಕ್ಕಿಂತ ಕಡಿಮೆ ಇರಬಾರದು. ‘15 ಗ್ರಾಂ ತನಕ ನಡೆಯುತ್ತದೆ’ ಎಂದು ಎಲ್ಲ ಪ್ಯಾಕೆಟ್‌ನಲ್ಲೂ ಕಡಿಮೆ ತುಂಬುವ ಹಾಗಿಲ್ಲ. ದಂಡಕ್ಕಿಂತ ನನಗೆ ಕಾಣುವುದು ಆ ಮನೆಯವರು. 500ರ ದುಡ್ಡು ಕೊಟ್ಟು 498 ಒಯ್ದವರಿಗೆ ಅದು ಗೊತ್ತೂ ಆಗುವುದಿಲ್ಲ.

ಇಲ್ಲೊಂದು ಗುಟ್ಟಿದೆ. ಮೆಷಿನ್ ಒಂದಿಷ್ಟೂ ಕೆಡದೆ ಸರಿಯಾಗಿ 500ಕ್ಕೆ ಸೆಟ್ ಆಗಿದ್ದರೂ, ಯಾರೇ ಸ್ಯಾಂಪಲ್ ತೆಗೆದರೂ ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಸರಾಸರಿ 500ಕ್ಕಿಂತ ಕೆಳಗೇ ಬರುತ್ತದೆ. ಏರುಪೇರು ಇರುವ ಕಡೆ ಅದು ಹಾಗೆಯೇ. ಆದ್ದರಿಂದ 500 ಎಂದು ಬರೆದು 500ಕ್ಕೇ ಗುರಿ ಇಡುವುದೇ ಸರಿಯಲ್ಲ.

ನನ್ನ ಸಲಹೆ ಇದು. ಟೆಸ್ಟ್‌ಗೆ ಕಾಯದೆ ಇವತ್ತೇ ಸೆಟ್ಟಿಂಗ್ 503ಕ್ಕೆ ಏರಿಸಿ. 2000 ಪ್ಯಾಕೆಟ್‌ಗೆ 3 ಗ್ರಾಂನಂತೆ ದಿನಕ್ಕೆ 6 ಕೆಜಿ ಹಿಟ್ಟು. ಕೆಜಿಗೆ 60 ರೂಪಾಯಿ ಹಿಡಿದರೆ ದಿನಕ್ಕೆ 360 ರೂಪಾಯಿ. ಮೆಷಿನ್ ನಿಜವಾಗಿಯೂ 2 ಗ್ರಾಂ ಕಡಿಮೆ ಕೊಡುತ್ತಿದ್ದರೂ ಸರಾಸರಿ 501ರಲ್ಲಿ ನಿಲ್ಲುತ್ತದೆ, ಗಿರಾಕಿಗೆ ಮೋಸವಾಗುವುದಿಲ್ಲ. ಆದರೆ 25 ದಿನಕ್ಕೆ ಇದು 9000 ರೂಪಾಯಿ. ಎಷ್ಟು ದಿನ ಹೀಗೇ ಕೊಡುವುದು, ಮೆಷಿನ್ ರಿಪೇರಿ ಮಾಡಿಸುವುದಾ ಎಂಬುದಕ್ಕೆ ಟೆಸ್ಟ್ ಬೇಕು.

ಮತ್ತೆ 10 ಪ್ಯಾಕೆಟ್ ತೂಗಬೇಡಿ. ಏರುಪೇರು 3.3 ಗ್ರಾಂ ಇರುವಾಗ, 10 ಪ್ಯಾಕೆಟ್‌ನ ಟೆಸ್ಟ್ 2 ಗ್ರಾಂ ಕೊರತೆಯನ್ನು ಹಿಡಿಯುವುದು ಎರಡರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದಷ್ಟು ಸಲ ‘ಏನೂ ತೊಂದರೆ ಕಾಣಲಿಲ್ಲ’ ಎನ್ನುತ್ತದೆ. ತೊಂದರೆ ಕಾಣಲಿಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ, ಅಲ್ವಾ? 25 ಪ್ಯಾಕೆಟ್ ತೂಗಿದರೆ 10ರಲ್ಲಿ 9 ಸಲ ಹಿಡಿಯುತ್ತದೆ. 15 ಪ್ಯಾಕೆಟ್ ಹೆಚ್ಚು ತೂಗಲು ಕಾಲು ಗಂಟೆಯೂ ಬೇಡ. ಹಳೆಯ 10ಕ್ಕೆ ಹೊಸ 15 ಸೇರಿಸಬೇಡಿ, ಹೊಸದಾಗಿ 25 ತೆಗೆಯಿರಿ. ಹಳೆಯದರ ಉತ್ತರ ನೋಡಿಯೇ ನೀವು ಮತ್ತೆ ತೂಗಲು ಹೊರಟಿದ್ದೀರಿ, ಅದನ್ನೂ ಸೇರಿಸಿಕೊಂಡರೆ ಸುಳ್ಳು ಗಾಬರಿ 20ಕ್ಕೆ 1ರಲ್ಲಿ ನಿಲ್ಲುವುದಿಲ್ಲ.

ಎಲ್ಲಿಂದ ತೆಗೆಯುತ್ತೀರಿ ಎಂಬುದೂ ಮುಖ್ಯ. ಒಂದು ಹಿಟ್ಟಿನ ಘಟಕದಲ್ಲಿ ನಿಂತು ನೋಡಿದ್ದೇನೆ. ಹಾಪರ್, ಅಂದರೆ ಮೆಷಿನ್ ಮೇಲೆ ಹಿಟ್ಟು ಸುರಿಯುವ ತೊಟ್ಟಿ, ತುಂಬಿದ್ದಾಗ ಹಿಟ್ಟು ತನ್ನ ಭಾರಕ್ಕೆ ಒತ್ತಿಕೊಂಡು ದಟ್ಟವಾಗಿ ಇಳಿಯುತ್ತದೆ. ತಳ ಕಾಣುವ ಹೊತ್ತಿಗೆ ಹಿಟ್ಟನ್ನು ಕೆಳಗೆ ತಳ್ಳುವ ಅದೇ ಸ್ಕ್ರೂ ಅಷ್ಟೇ ಸುತ್ತು ತಿರುಗಿದರೂ ಹಗುರ ಹಿಟ್ಟು ಬೀಳುತ್ತದೆ, ಪ್ಯಾಕೆಟ್ ಕಡಿಮೆ ತೂಗುತ್ತದೆ. ಕೆಲಸದ ಹುಡುಗ ಇನ್ನೊಂದು ಚೀಲ ಸುರಿದ ಕೂಡಲೇ ಮತ್ತೆ ಏರುತ್ತದೆ. ಅಲ್ಲಿ ತಳದ ಹೊತ್ತಿನ 10 ಪ್ಯಾಕೆಟ್ ಸಾಲಾಗಿ ಎತ್ತಿಕೊಂಡಿದ್ದರೆ ಯಾವ ಟೆಸ್ಟ್ ಆದರೂ ಮೆಷಿನ್ ಕೆಟ್ಟಿದೆ ಎಂದೇ ಹೇಳುತ್ತಿತ್ತು. ಮೆಷಿನ್ ಸರಿ ಇತ್ತು, ಚೀಲ ಸುರಿಯುವುದು ತಡವಾಗುತ್ತಿತ್ತು. ಹಾಗಾಗಿ ಇಡೀ ದಿನ ಹರಡಿ ತೆಗೆಯಿರಿ. ನಿಮ್ಮ 2000ಕ್ಕೆ 25 ಎಂದರೆ 80ಕ್ಕೆ ಒಂದು. ಮೊದಲ 80ರಲ್ಲಿ ಯಾವುದರಿಂದ ಶುರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ತೂಕ ಬರೆಯುವಾಗ ಪಕ್ಕದಲ್ಲಿ ಸಮಯವನ್ನೂ ಬರೆಯಿರಿ. ಒಂದು ಪ್ಯಾಕೆಟ್ ಮಾತ್ರ 470 ಬಂದರೆ ಅದನ್ನು ಸರಾಸರಿಯಲ್ಲಿ ಮುಚ್ಚಿಹಾಕಬೇಡಿ, ಆ ಹೊತ್ತಿಗೆ ಏನಾಯಿತು ಎಂದು ವಿಚಾರಿಸಿ.

ದಿನಾ ತೂಗಿ ದಿನಾ ಟಿ ಟೆಸ್ಟ್ ಮಾಡುವ ಯೋಚನೆ ಇದ್ದರೆ ಬಿಡಿ. ಮೆಷಿನ್ ಸರಿ ಇದ್ದರೂ 20 ದಿನಕ್ಕೊಮ್ಮೆ ಸುಳ್ಳು ಗಾಬರಿ ಬರುತ್ತದೆ. ದಿನದ ಕಾವಲಿಗೆ ಕಂಟ್ರೋಲ್ ಚಾರ್ಟ್ ಇದೆ, ಅಂದರೆ ಸರಾಸರಿಗಳನ್ನು ಸಾಲಾಗಿ ಗುರುತಿಸಿ ಮೇಲೆ ಕೆಳಗೆ ಎಚ್ಚರಿಕೆಯ ಗೆರೆ ಎಳೆದ ಹಾಳೆ. ಅಮೆರಿಕದ ವಾಲ್ಟರ್ ಶೆವಾರ್ಟ್ 1924ರಲ್ಲಿ ಟೆಲಿಫೋನ್ ಸಾಮಾನು ಮಾಡುವ ಕಾರ್ಖಾನೆಗಾಗಿ ಅದನ್ನು ರೂಪಿಸಿದರು. ಅದರಲ್ಲಿ ಗೆರೆ ಇನ್ನೂ ದೂರದಲ್ಲಿರುತ್ತದೆ, ಹಾಗಾಗಿ ಸುಳ್ಳು ಗಾಬರಿ ಕಡಿಮೆ.

ಈಗ ಸೋಮವಾರದ ಕೆಲಸ. ಪ್ರಶ್ನೆ: 503ಕ್ಕೆ ಸೆಟ್ ಮಾಡಿದ ಮೆಷಿನ್ 503ಕ್ಕಿಂತ ಕಡಿಮೆ ತುಂಬುತ್ತಿದೆಯಾ? 500ಕ್ಕೆ ಹೋಲಿಸಬೇಡಿ, ಈಗ ಮೆಷಿನ್ ಕೊಟ್ಟ ಮಾತು 503. ಪ್ಯಾಕೆಟ್ 25, ಏರುಪೇರು 3.3ರ ಆಸುಪಾಸಿನಲ್ಲೇ ಇದ್ದರೆ ಸರಾಸರಿಯ ಓಲಾಟ 0.66 ಗ್ರಾಂ. 25 ಪ್ಯಾಕೆಟ್‌ಗೆ ಕೋಷ್ಟಕದ ಗೆರೆ 1.71. ಗುಣಿಸಿ 503ರಿಂದ ಕಳೆದರೆ ಸುಮಾರು 501.9. ಏರುಪೇರು ತುಂಬಾ ಬೇರೆ ಬಂದರೆ ಇದೇ ದಾರಿಯಲ್ಲಿ ಮತ್ತೆ ಲೆಕ್ಕ ಹಾಕಿ. ಸರಾಸರಿ 501.9ಕ್ಕಿಂತ ಕೆಳಗೆ ಬಂದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಮೇಲಿದ್ದರೆ ಈ ಸಲಕ್ಕೆ ಬೇಡ. ಆ ಸಂಖ್ಯೆಯನ್ನು ಭಾನುವಾರ ರಾತ್ರಿಯೇ ಮೆಷಿನ್ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿಡಿ, ಮಗಳಿಗೂ ತೋರಿಸಿ.